ಕೆರೆ ಕೋಡಿ ಬಿದ್ದ ಸುದ್ದಿ

ಕಳೆದ ವರ್ಷ ಧಾರವಾಡದ ಕಾಲೇಜೊಂದರಿಂದ ಕರೆ ಬಂದಿತ್ತು. ಪತ್ರಿಕೋದ್ಯಮ ಓದುವ ಮಕ್ಕಳ ಎದುರು ನನ್ನ ಅನುಭವ ಹೇಳಬೇಕೆಂದು. ನಿವೃತ್ತಳಾದ ಮೇಲೆ ಯಾರಾದರೂ ಮಾತಾಡಲು ಕರೆದರೆ ಸಾಕು, ಇಸ್ತ್ರಿ ಸೀರೆ ಉಟ್ಟು ಬಸ್ಸು ಹತ್ತುವ ಉಮೇದು ನನಗೆ. ಹೋದೆ, ಬಹಳ ಹೊತ್ತು ಮಾತಾಡಿದೆ, ಚಪ್ಪಾಳೆಯೂ ಬಿತ್ತು. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ನಮ್ಮೂರ ಸುದ್ದಿ ಎಲ್ಲೆ ಹುಡುಕಬೇಕ್ರಿ? ದಿಲ್ಲಿದು, ಬೆಂಗಳೂರಿಂದು ಫೋನಿನ್ಯಾಗ ತಾನ ಬರ್ತೈತಿ. ನಮ್ಮ ಓಣ್ಯಾಗ ರಸ್ತಾ ಯಾಕ ಅಗದಾರ ಅನ್ನೂದ ಮಾತ್ರ ಎಲ್ಲೂ ಸಿಗಂಗಿಲ್ಲ."

ಪೊಲೀಸ್ ಠಾಣೆ, ದೊಡ್ಡಾಸ್ಪತ್ರೆ, ಪಾಲಿಕೆ ಕಚೇರಿ, ಮಾರುಕಟ್ಟೆ ಎಂದು ಬಾಯಿಪಾಠ ಒಪ್ಪಿಸಿದೆ. "ಅವ್ರೆಲ್ಲಾ ಈಗ ಗ್ರೂಪಿನ್ಯಾಗ ಹಾಕಿಬಿಡ್ತಾರ್ರಿ. ಅದರಾಗ ಯಾವುದು ಖರೇ ಅಂತ ತಿಳಿಯಂಗಿಲ್ಲ" ಎಂದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ. ಹುಬ್ಬಳ್ಳಿಗೆ ಮರಳುವ ಬಸ್ಸಿನಲ್ಲಿ ಮಾತ್ರ ನಗು ಬರಲಿಲ್ಲ. ಜೀವಮಾನದ ಬಹುಪಾಲನ್ನು ಈ ಊರಿನ ಸುದ್ದಿ ಹುಡುಕುವುದರಲ್ಲೇ ಕಳೆದವಳು ನಾನು. ಅದು ಎಲ್ಲಿ ಸಿಗುತ್ತದೆ ಎಂದು ಒಂದು ಸರಿಯಾದ ಉತ್ತರ ನನ್ನಲ್ಲಿರಲಿಲ್ಲ. ಈಗಲೂ ಇಲ್ಲ. ನಡೆದದ್ದನ್ನು ಬರೆದಿಡುತ್ತೇನೆ. ಈ ಕೆಲಸಕ್ಕೆ ಬರುವವರಲ್ಲಿ ಯಾರಿಗಾದರೂ ಇದರಲ್ಲಿ ಉತ್ತರ ಕಂಡರೆ ನನಗೂ ತಿಳಿಸಲಿ.

ನಮ್ಮ ಕೇಬಲ್ ಚಾನೆಲ್ ಇದ್ದದ್ದು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ, ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಸುದ್ದಿ ಓದುವ ಕೋಣೆಗೆ ಹಳೆಯ ಕಂಬಳಿ ಹೊಡೆದು ಸದ್ದು ತಡೆದಿದ್ದೆವು. ಆದರೂ ಕೆಳಗೆ ಯಾರಾದರೂ ಹಿತ್ತಾಳೆ ಕೊಡ ಕೊಳ್ಳುವ ಮುಂಚೆ ಬೆರಳಿನಿಂದ ಬಾರಿಸಿ ನೋಡಿದರೆ ಅದು ಊರಿಗೆಲ್ಲ ಕೇಳಿಸುತ್ತಿತ್ತು. ಮೂವರ ಮೇಲೆ ಕೆಲಸ ನಡೆಯುತ್ತಿತ್ತು. ಸುದ್ದಿ ತರುವುದೂ ಓದುವುದೂ ನನ್ನದು. ಕ್ಯಾಮೆರಾ ದಸ್ತಗೀರನದು. ನನಗಿಂತ ಚಿಕ್ಕವನು, ಮೋಟಾರ್ ಸೈಕಲ್ಲಿನ ಮೇಲೆ ಕೂತರೆ ಮಾತು ನಿಲ್ಲಿಸುತ್ತಿರಲಿಲ್ಲ. ನಮ್ಮಿಬ್ಬರ ಮೇಲೆ ಪಾಟೀಲ ಸರ್.

ಪಾಟೀಲ ಸರ್ ಹಾನಗಲ್ ಕಡೆಯ ಹಳ್ಳಿಯವರು. ಪತ್ರಿಕೆಯಲ್ಲಿ ದುಡಿದು ದುಡಿದು ಕನ್ನಡಕ ದಪ್ಪವಾದ ಮೇಲೆ ಟಿವಿಗೆ ಬಂದವರು. ನಾನು "ಭಾರೀ ಜನಸ್ತೋಮ" ಎಂದು ಬರೆದು ತಂದರೆ, "ಭಾರೀ ಅಂದ್ರ ಎಷ್ಟು? ನೀವು ಎಣಸಿದ್ರೇನು ಗಿರಿಜಾಬಾಯಿ?" ಎಂದು ಆ ಪದವನ್ನು ಹೊಡೆದು ಹಾಕುತ್ತಿದ್ದರು. "ಕಂಡದ್ದನ್ನ ಕಂಡೇವಿ ಅನ್ರಿ, ಕೇಳಿದ್ದನ್ನ ಕೇಳೇವಿ ಅನ್ರಿ. ಮುಗೀತು" ಎಂಬುದು ಅವರು ಕಲಿಸಿದ ಪಾಠ. ಸುದ್ದಿಯ ಕೆಲಸ ಅಷ್ಟೇ ಎಂದು ನಾನೂ ನಂಬಿದ್ದೆ.

ದಿನಾ ಬೆಳಿಗ್ಗೆ ಠಾಣೆ, ಆಸ್ಪತ್ರೆ, ಪಾಲಿಕೆ ಸುತ್ತುತ್ತಿದ್ದೆ ನಿಜ. ಆದರೆ ಒಳ್ಳೆಯ ಸುದ್ದಿಗಳು ತಾವಾಗಿಯೇ ನಮ್ಮ ಮೆಟ್ಟಿಲು ಹತ್ತಿ ಬರುತ್ತಿದ್ದವು. ಒಮ್ಮೆ ಗೋಪನಕೊಪ್ಪದ ಗೃಹಸ್ಥರೊಬ್ಬರು ಕಂಬದಿಂದ ಉದುರಿದ ಬೀದಿ ದೀಪವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ನನ್ನ ಮೇಜಿನ ಮೇಲೆ ಇಟ್ಟರು. "ಇದನ್ನ ತೋರಸ್ರಿ. ಬಿದ್ದಿಲ್ಲ ಅಂತ ಪಾಲಿಕೆಯವ್ರು ಹೇಳಾಕತ್ತಾರ" ಎಂದರು. ತೋರಿಸಿದೆವು. ಮರುದಿನ ಅದೇ ಮನುಷ್ಯ ಮತ್ತೆ ಬಂದರು. ದೀಪ ಕಳುವಾಗಿದೆ, ಕದ್ದವರು ನೀವೇ, ಟಿವಿಯಲ್ಲಿ ನೋಡಿದೆವು ಎಂದು ಪಾಲಿಕೆಯವರೊಬ್ಬರು ಅವರ ಮನೆಗೆ ಹೋಗಿದ್ದರಂತೆ.

ಇನ್ನೊಮ್ಮೆ "ಅವಳಿ ನಗರದಲ್ಲಿ ಧಾರಾಕಾರ ಮಳೆ" ಎಂದು ಓದಿದೆ. ಹೊರಗೆ ಕೇಶ್ವಾಪುರ ಮುಳುಗುವ ಹಾಗೆ ಸುರಿಯುತ್ತಿತ್ತು. ಸುದ್ದಿ ಮುಗಿಯುವ ಮೊದಲೇ ಧಾರವಾಡದಿಂದ ನಿವೃತ್ತ ಪ್ರಾಧ್ಯಾಪಕರೊಬ್ಬರ ಫೋನು.

"ಅಲ್ರೀ, ನಮ್ಮಲ್ಲೆ ಅಂಗಳದಾಗ ಹಪ್ಪಳಾ ಒಣಾ ಹಾಕ್ಯಾರ. ಅವಳಿ ಅಂದಮ್ಯಾಲೆ ಒಬ್ಬರು ತೊಯ್ಸಿಕೊಂಡ್ರ ಇನ್ನೊಬ್ಬರೂ ತೊಯ್ಸಿಕೊಳ್ಳಬೇಕೇನು?"

ಮರುದಿನ ಎಚ್ಚರದಿಂದ "ಹುಬ್ಬಳ್ಳಿಯಲ್ಲಿ ಮಳೆ" ಎಂದಷ್ಟೇ ಓದಿದೆ. ಅವರದೇ ಫೋನು, "ಧಾರವಾಡದ ಸುದ್ದಿ ಹೇಳೂದ ಬಿಟ್ಟಬಿಟ್ರೇನು?" ಪಾಟೀಲ ಸರ್ ತಲೆ ಕೆರೆದುಕೊಂಡು, "ಮಳಿನೂ ಹಂಚಿ ಕೊಡಬೇಕಾತಲ್ರೀ" ಎಂದರು. ನಗುವ ಮಾತೇ. ಆದರೆ ಖರೆ ಹೇಳಿದರೂ ತಪ್ಪಾಗುವುದು ಹೇಗೆ ಎಂದು ನನಗೆ ಆಗಲೂ ಸ್ವಲ್ಪ ಗಲಿಬಿಲಿ ಆಗಿತ್ತು.

ಆಮೇಲೆ ಕಂಪ್ಯೂಟರ್ ಬಂತು. ಅದರ ಜೊತೆ ಪರದೆಯ ಕೆಳಗೆ ದಿನವಿಡೀ ಓಡುವ ಸಾಲು ಬಂತು. ಸ್ಕ್ರೋಲ್ ಎನ್ನುತ್ತಿದ್ದೆವು. ಸಂಜೆ ಐದರ ಸುದ್ದಿಗೆ ಕಾಯಬೇಕಿಲ್ಲ, ಆಗಿಂದಾಗಲೇ ಒಂದು ಸಾಲು ಓಡಿಸಬಹುದು. ಹೊಸ ಯಂತ್ರಗಳನ್ನು ಕಂಡರೆ ಸಿಡುಕುತ್ತಿದ್ದ ಪಾಟೀಲ ಸರ್‌ಗೆ ಇದೊಂದು ಮಾತ್ರ ಬಹಳ ಹಿಡಿಸಿತು. ಸುದ್ದಿಯನ್ನು ನಾಲ್ಕೈದು ಪದಗಳಲ್ಲಿ ಕೂರಿಸುವುದರಲ್ಲಿ ಅವರಿಗೆ ಎಲ್ಲಿಲ್ಲದ ಖುಷಿ. ಆ ಸಾಲನ್ನು ಬೇರೆ ಯಾರಿಗೂ ಬರೆಯಲು ಬಿಡುತ್ತಿರಲಿಲ್ಲ.

ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಊರ ಅಂಚಿನಲ್ಲಿ ಒಂದು ಹಳೆಯ ಕೆರೆ ಇದೆ. ಅದರ ಒಡ್ಡಿನ ಕೆಳಗಿನ ತಗ್ಗಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಓಣಿಗಳು. ಕೆರೆಯ ಹೆಸರು ಬರೆಯುವುದಿಲ್ಲ. ಬರೆದರೆ ಇವತ್ತಿಗೂ ಯಾರಾದರೂ ಗಾಬರಿಯಾದಾರು.

ಒಂದು ದಿನ ಮಧ್ಯಾಹ್ನ ಸರ್‌ಗೆ ಪರಿಚಯದವರೊಬ್ಬರು ಕೆರೆಯ ಕಡೆಯಿಂದ ಫೋನು ಮಾಡಿದರು. ಕೇಳುತ್ತ ಕೇಳುತ್ತ ಸರ್ ಮುಖ ಅರಳಿತು. ಫೋನು ಇಟ್ಟವರೇ ಒಂದು ಸಾಲು ಬರೆದು ನನ್ನ ಕೈಗೆ ಕೊಟ್ಟರು. "ಕೆರೆ ತುಂಬಿ ಕೋಡಿ ಬಿದ್ದಿದೆ."

ಕೋಡಿ ಎಂದರೆ ಕೆರೆ ತುಂಬಿದಾಗ ಮಿಕ್ಕ ನೀರು ಹೊರಗೆ ಹರಿಯಲೆಂದು ಒಡ್ಡಿನ ಒಂದು ಬದಿಗೆ ಬಿಟ್ಟ ದಾರಿ. ಅಲ್ಲಿಂದ ನೀರು ಇಳಿಯತೊಡಗಿದರೆ ಕೋಡಿ ಬಿತ್ತು ಎನ್ನುತ್ತಾರೆ. ಕೆರೆ ನಂಬಿದ ಹಳ್ಳಿಗಳಲ್ಲಿ ಅದಕ್ಕಿಂತ ಸಂತೋಷದ ಸುದ್ದಿ ಇಲ್ಲ. "ಎಷ್ಟ ವರ್ಷಾತ್ರೀ ಈ ಮಾತ ಬರದು" ಎಂದು ಸರ್ ಚಹಾ ತರಿಸಿದರು. ಸಾಲು ಓಡತೊಡಗಿತು. ಚೆನ್ನಾಗಿದೆ ಎಂದು ನನಗೂ ಅನಿಸಿತು.

ಚಹಾ ಕುಡಿದ ಲೋಟ ತೊಳೆಯುವಷ್ಟರಲ್ಲಿ ಮೊದಲ ಫೋನು ಬಂತು. ಹೆಣ್ಣುಮಗಳು.

"ಅಕ್ಕಾರ, ಕೆರಿ ಬಿದ್ದೈತಂತಲ್ರೀ?"

"ಕೆರಿ ಅಲ್ರಿ, ಕೋಡಿ ಬಿದ್ದೈತಿ" ಎಂದೆ.

"ಅಯ್ಯ ನಮ್ಮವ್ವಾ, ಹಂಗಾದ್ರ ಖರೇನ!" ಎಂದು ಫೋನು ಕುಕ್ಕಿದಳು.

ನಾನು ಏನು ಹೇಳಿದೆ, ಅವಳು ಏನು ಕೇಳಿಸಿಕೊಂಡಳು ಎಂದು ಯೋಚಿಸುವುದರೊಳಗೆ ಮತ್ತೊಂದು ಫೋನು, ಅದರ ಹಿಂದೆ ಇನ್ನೊಂದು. ಒಡ್ಡು ಬಿದ್ದಿದೆಯಂತೆ, ಕೆರೆ ಒಡೆದಿದೆಯಂತೆ, ನೀರು ಮಾರುಕಟ್ಟೆವರೆಗೆ ಬಂದಿದೆಯಂತೆ. ಠಾಣೆಗೆ ಫೋನು ಹಚ್ಚಿದೆ. ನನ್ನ ಗುರುತಿನ ಹವಾಲ್ದಾರರು ಎತ್ತಿದರು.

"ನಮಗೂ ಅದ ಫೋನ ಬರಾಕತ್ತಾವ್ರಿ. ಯಾರ ಹೇಳಿದ್ರು ಅಂತ ಕೇಳಿದ್ರ ನಿಮ್ಮ ಟಿವ್ಯಾಗ ಬಂದೈತಿ ಅಂತಾರ. ಈಗ ನೀವ ನಮ್ಮನ್ನ ಕೇಳಿದ್ರ ಹೆಂಗ್ರಿ?"

ಸರ್ ಕಡೆ ತಿರುಗಿದೆ. "ಆ ಸಾಲು ತಗೀರಿ ಸರ್."

"ಯಾಕ? ಅದರಾಗ ಸುಳ್ಳೇನೈತಿ? ಈಗ ತಗದ್ರ ಏನೋ ಮುಚ್ಚಿಡಾಕತ್ತಾರ ಅಂತಾರ."

"ಕೆರೆ ಒಡೆದಿಲ್ಲ ಅಂತಾದರೂ ಹಾಕ್ರಿ."

"ಒಡದಿಲ್ಲ ಅಂತ ನೀವು ನೋಡೀರೇನು?"

ನೋಡಿರಲಿಲ್ಲ. ಅವರೂ ನೋಡಿರಲಿಲ್ಲ. ಕೋಡಿ ಬಿದ್ದ ಸುದ್ದಿ ಬಂದು ತಾಸಾಗಿತ್ತು. ಅಲ್ಲಿಂದೀಚೆಗೆ ಸುರಿದ ಮಳೆಗೆ ಒಡ್ಡು ನಿಜಕ್ಕೂ ಕೊಚ್ಚಿಹೋಗಿದ್ದರೆ? ಇಷ್ಟು ಜನ ಸುಮ್ಮನೆ ಹೇಳುತ್ತಾರೆಯೇ? ಒಡೆದಿಲ್ಲ ಎಂದು ನಾವು ಓಡಿಸಿ, ಅದನ್ನು ನಂಬಿ ಮನೆಯಲ್ಲಿ ಕೂತವರ ಮೇಲೆ ನೀರು ನುಗ್ಗಿದರೆ? ಸರ್ ಮುಖದಲ್ಲಿಯೂ ಅದೇ ಪ್ರಶ್ನೆ ಕಂಡಿತು. "ಹೋಗಿ ನೋಡಿ ಬರ್ರಿ" ಎಂದಷ್ಟೇ ಹೇಳಿದರು.

ದಸ್ತಗೀರನ ಗಾಡಿಯ ಮೇಲೆ ಹೊರಟೆವು. ಅವತ್ತೊಂದು ದಿನ ಅವನೂ ಮಾತಾಡಲಿಲ್ಲ. ಕೆರೆಯ ರಸ್ತೆಗೆ ತಿರುಗುತ್ತಲೇ ಎದುರಿನಿಂದ ಜನ. ಮಿಕ್ಸರನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡ ಹೆಂಗಸು, ಕೋಳಿ ಬುಟ್ಟಿ ಹೊತ್ತ ಗಂಡ ಹೆಂಡತಿ, ಯಾರದೋ ಹೆಗಲ ಮೇಲೆ ಜ್ವರ ಬಂದ ಮುದುಕ. ಒಬ್ಬ ಸೈಕಲ್ಲಿನ ಕ್ಯಾರಿಯರ್‌ಗೆ ಟಿವಿ ಕಟ್ಟಿಕೊಂಡು ನೂಕುತ್ತ ಬರುತ್ತಿದ್ದ. ನಮ್ಮನ್ನು ಕಂಡು ಕೈ ಅಡ್ಡ ಹಿಡಿದ.

"ಅತ್ತಾಗ ಹೋಗಬ್ಯಾಡ್ರಿ, ಕೆರಿ ಒಡದೈತಿ!"

"ಯಾರ್ರಿ ಹೇಳಿದ್ರು?"

"ಟಿವ್ಯಾಗ ಬಂದೈತ್ರಿ."

"ಆ ಟಿವಿಯವಳು ನಾನ ರೀ. ನಾವು ಹಂಗ ಹೇಳಿಲ್ಲ."

ಅವನು ನನ್ನ ಮುಖವನ್ನು ದಿಟ್ಟಿಸಿದ. ಗುರುತು ಸಿಕ್ಕಿತು. ದಸ್ತಗೀರನ ಕೊರಳಲ್ಲಿದ್ದ ಕ್ಯಾಮೆರಾ ನೋಡಿದ. "ನೀವ ಖುದ್ದ ಬಂದೀರಿ ಅಂದ್ರ ಭಾಳ ದೊಡ್ಡದ ಆಗೈತಿ ತಗೋರಿ" ಎಂದವನೇ ಇನ್ನಷ್ಟು ಜೋರಾಗಿ ಸೈಕಲ್ ನೂಕಿದ. ಅವನ ಹಿಂದಿದ್ದವರು ಅವನ ಮಾತು ಕೇಳಿ ಓಡಿದರು. ಬೇಡ, ನಿಲ್ಲಿ ಎಂದು ನಾನು ಕೂಗಿದೆ. ಕೂಗಿದಷ್ಟೂ ಓಡಿದರು.

ಗಾಡಿ ನಿಲ್ಲಿಸಿ ಕೆರೆಯ ಒಡ್ಡು ಹತ್ತಿದೆವು. ಮೇಲೆ ಹೋಗಿ ನೋಡಿದರೆ ಏನೂ ಆಗಿರಲಿಲ್ಲ. ಅಂಚಿನ ತನಕ ನೀರು, ಗಾಳಿಗೆ ಸಣ್ಣ ಸಣ್ಣ ತೆರೆ. ಒಂದು ಬದಿಗೆ ಕೋಡಿಯಲ್ಲಿ ಕೆಂಪು ನೀರು ಭೋರ್ಗರೆದು ಇಳಿದು ತನ್ನ ಪಾಡಿಗೆ ಹಳ್ಳ ಸೇರುತ್ತಿತ್ತು. ಕೊಡೆ ಹಿಡಿದ ಕೆಲವರು ಅದನ್ನು ನೋಡುತ್ತ ಗಿರ್ಮಿಟ್ ತಿನ್ನುತ್ತಿದ್ದರು. ಯಾರೋ ಆಗಲೇ ಕಲ್ಲಿಗೆ ಕುಂಕುಮ ಹಚ್ಚಿದ್ದರು. ನಮ್ಮನ್ನು ಕಂಡ ಹಿರಿಯರೊಬ್ಬರು, "ಬರ್ರಿ ಬರ್ರಿ. ಊರಾಗ ಏನ ಸುದ್ದಿ?" ಎಂದರು. ನನಗೆ ಅಳು ಬಂತೋ ನಗು ಬಂತೋ ಈಗ ನೆನಪಿಲ್ಲ.

ದಸ್ತಗೀರ್ ಒಡ್ಡಿನ ಈ ತುದಿಯಿಂದ ಆ ತುದಿಗೆ ನಡೆದು ಚಿತ್ರ ತೆಗೆದ. ಎಲ್ಲಿಯೂ ಬಿರುಕಿಲ್ಲ. ಸರ್‌ಗೆ ಫೋನು ಮಾಡಿ ಹೇಳಿದೆ. ಕಣ್ಣಾರೆ ನೋಡಿದಿರಾ ಎಂದು ಅವರು ಎರಡೆರಡು ಸಲ ಕೇಳಿದರು. ಬರೀ ಸಾಲನ್ನು ಇನ್ನು ಯಾರೂ ನಂಬುವುದಿಲ್ಲ, ಚಿತ್ರ ತನ್ನಿ ಎಂದರು. ಆ ಕಾಲಕ್ಕೆ ನಮ್ಮಲ್ಲಿ ನೇರ ಪ್ರಸಾರವಿರಲಿಲ್ಲ, ಕ್ಯಾಸೆಟ್ಟನ್ನು ಸ್ಟುಡಿಯೋಕ್ಕೆ ಒಯ್ಯಬೇಕು. ಬಂದವರೇ ಹಾಕಿದೆವು. ಒದ್ದೆ ಸೀರೆಯಲ್ಲೇ ಕೂತು, ಕೆರೆ ಸುರಕ್ಷಿತವಾಗಿದೆ, ಯಾರೂ ಗಾಬರಿಯಾಗಬೇಡಿ ಎಂದು ಓದಿದೆ. ಹಿಂದೆ ಪರದೆಯ ತುಂಬ ಕೋಡಿಯ ನೀರು. ಅದು ಭೋರ್ಗರೆಯುವ ಸದ್ದನ್ನೂ ದಸ್ತಗೀರ್ ಹಾಗೇ ಉಳಿಸಿದ್ದ.

ಓದಿ ಮುಗಿಸಿ ಹೊರಗೆ ಬಂದರೆ ಫೋನು ಬಡಿದುಕೊಳ್ಳುತ್ತಿತ್ತು. "ಇಷ್ಟ ನೀರ ಬರಾಕತ್ತೈತಿ, ಸುರಕ್ಷಿತ ಅಂತೀರಲ್ರೀ! ಮನಷ್ಯಾರೇನ್ರಿ ನೀವು?"

ಆಮೇಲೆ ತಿಳಿಯಿತು, ಒಡ್ಡಿನ ಕೆಳಗಿನ ಓಣಿಗಳಲ್ಲಿ ಆಗ ಕರೆಂಟೇ ಇರಲಿಲ್ಲ. ಯಾರಿಗೆ ಹೇಳಬೇಕಿತ್ತೋ ಅವರಿಗೆ ನಮ್ಮ ಮಾತು ಕೇಳಿಸಿರಲಿಲ್ಲ. ಕೇಳಿಸಿದವರ ಮನೆಗೆ ಯಾವ ಕೆರೆ ಒಡೆದರೂ ನೀರು ಹೋಗುವಂತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಳೆ ನಿಂತಿತು, ಜನ ಒಬ್ಬೊಬ್ಬರಾಗಿ ಮರಳಿದರು. ನಮ್ಮ ಸುದ್ದಿ ಕೇಳಿ ಮರಳಿದವರು ಯಾರೂ ಇದ್ದ ಹಾಗೆ ಕಾಣಲಿಲ್ಲ. ಎಷ್ಟು ಕಾದರೂ ನೀರು ಬರಲಿಲ್ಲವಲ್ಲ, ಅದಕ್ಕೆ ಮರಳಿದರು.

ಮರುದಿನದಿಂದ ನನಗೂ ಸರ್‌ಗೂ ಜಗಳ. ಪೇಟೆಯ ಜನಕ್ಕೆ ಕೋಡಿ ಗೊತ್ತಿಲ್ಲ, ಬಿದ್ದಿದೆ ಎಂಬುದಷ್ಟೇ ಅವರ ಕಣ್ಣಿಗೆ ಬಿತ್ತು ಎಂಬುದು ನನ್ನ ವಾದ. "ಹೆಚ್ಚಿನ ನೀರು ಹೊರಗೆ ಹೋಗುತ್ತಿದೆ ಅಂತ ಬರೀಬೇಕಿತ್ತು ಸರ್" ಎಂದೆ.

"ಅದಕ್ಕ ಇನ್ನೂ ಜಾಸ್ತಿ ಅಂಜತಿದ್ರು. ನಾ ಬರದದ್ದು ಖರೇ ಐತಿ, ಕನ್ನಡಾನೂ ಶುದ್ಧ ಐತಿ. ಓದಾಕ ಬರಲಾರದವ್ರಿಗೆ ನಾ ಏನ ಮಾಡ್ಲಿ?"

ಹಾಗೆಂದರೂ ಆ ದಿನದಿಂದ ಅವರು ಸ್ಕ್ರೋಲ್ ಬರೆಯುವುದನ್ನು ಬಿಟ್ಟರು. ನಾನು ಬರೆಯಲು ಹೋದರೆ "ಬ್ಯಾಡ" ಎನ್ನುವರು. ಪರದೆಯ ಕೆಳಗೆ ಸೀರೆ ಅಂಗಡಿ, ಕೋಚಿಂಗ್ ಕ್ಲಾಸುಗಳ ಜಾಹೀರಾತು ಮಾತ್ರ ಓಡುತ್ತಿದ್ದವು. ಊರಿಗೆ ಹೋಗಿ ಹೊಲ ನೋಡಿಕೊಳ್ಳುತ್ತೇನೆ, ಇನ್ನು ಸಾಕು ಎಂದು ದಸ್ತಗೀರನ ಎದುರು ಅಂದರಂತೆ. ಅವರು ಬಿಟ್ಟರೆ ಚಾನೆಲ್ಲು ಉಳಿಯುವಂತಿರಲಿಲ್ಲ. ವಾದದಲ್ಲಿ ಗೆದ್ದೆ ಎಂದುಕೊಂಡಿದ್ದ ನನಗೆ ಈಗ ಅವರ ಮುಖ ನೋಡಲು ಆಗುತ್ತಿರಲಿಲ್ಲ.

ಹೀಗೆ ಕೆಲವು ದಿನ ಕಳೆದ ಮೇಲೆ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ಹೆಸರು ಶಾಂತವ್ವ. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ, ಮನೆ ಕೆರೆಯ ಕೆಳಗಿನ ಓಣಿಯಲ್ಲಿ. ಕೂರಲು ಹೇಳಿದರೂ ಕೂರಲಿಲ್ಲ.

"ಆವತ್ತ ಓಡೂ ಮುಂದ ನಮ್ಮತ್ತಿ ಬಿದ್ದು ಸೊಂಟಾ ಮುರಕೊಂಡಾರ್ರಿ" ಎಂದಳು.

ಪಾಟೀಲ ಸರ್ ಕುರ್ಚಿಯಿಂದ ಎದ್ದು ನಿಂತರು. ಬೈಯಲು ಬಂದಿದ್ದಾಳೆ, ಬೈಯಲಿ ಎಂದುಕೊಂಡೆ.

"ಜಗಳಾಡಾಕ ಬಂದಿಲ್ರಿ. ಆವತ್ತ ಖರೇನ ಏನಾಗಿತ್ತು ಅಂತ ಕೇಳಾಕ ಬಂದೇನಿ. ಅತ್ತಿ ಮಲಗಿದಲ್ಲೇ ದಿನಾ ಕೇಳ್ತಾರ, ಶಾಂತಾ, ನಾ ಯಾತಕ್ಕ ಓಡಿದೆ ಅಂತ. ಓಣ್ಯಾಗ ಒಬ್ಬೊಬ್ರು ಒಂದೊಂದ ಹೇಳ್ತಾರ. ನಿಮಗ ಗೊತ್ತಿರಬೇಕಲ್ಲ ಅಂತ ಬಂದೆ."

ಸರ್ ಒಂದು ಕಾಗದದ ಮೇಲೆ ಕೆರೆ ಬರೆದರು, ಒಡ್ಡು ಬರೆದರು, ಕೋಡಿ ತೋರಿಸಿದರು. ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿದರು. ಕೊನೆಗೆ ದನಿ ತಗ್ಗಿಸಿ, "ಆ ಸಾಲು ಬರದಾಂವ ನಾನವಾ. ಕೋಡಿ ಬಿದ್ದೈತಿ ಅಂದ್ರ ನಿಮಗ ತಿಳೀಲಿಲ್ಲ, ಅದಕ್ಕ ಹಿಂಗಾತು" ಎಂದರು.

"ತಿಳೀದ ಏನ್ರಿ?" ಎಂದಳು ಶಾಂತವ್ವ. "ನನ್ನ ತವರಮನಿ ಹಾನಗಲ್ ಕಡೇನ. ಕೋಡಿ ಬಿತ್ತಂದ್ರ ನಾವು ಸೀರಿ, ಬಳಿ, ಕುಂಕುಮ ಒಯ್ದು ಕೆರಿಗೆ ಉಡಿ ತುಂಬತಿದ್ವಿ. ಟಿವ್ಯಾಗ ನಿಮ್ಮ ಸಾಲು ಓದಿ ಅತ್ತಿಗೆ ನಾನ ಹೇಳೀನಿ, ಛಲೋ ಆತು, ಕೆರಿ ತುಂಬಿತು ಅಂತ."

ಸರ್ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ.

"ಮತ್ತ ಯಾಕ ಓಡಿದ್ರವಾ?"

ಆ ಪ್ರಶ್ನೆಯನ್ನು ಅವಳು ತನಗೆ ತಾನೇ ಎಷ್ಟು ಸಲ ಕೇಳಿಕೊಂಡಿದ್ದಳೋ.

"ಕರೆಂಟ್ ಹೋತ್ರಿ. ಹೊರಗ ಬಂದ್ರ ಎಲ್ಲಾರೂ ಓಡಾಕತ್ತಿದ್ರು. ಒಡದಿಲ್ಲ ತಡೀರಿ ಅಂತ ನಾನೂ ಒಂದಿಬ್ಬರಿಗೆ ಅಂದೆ. ಯಾರೂ ನಿಂದರಲಿಲ್ಲ. ಇಷ್ಟ ಮಂದಿಗೆ ಗೊತ್ತಿದ್ದದ್ದು ನನಗೊಬ್ಬಾಕಿಗೆ ಗೊತ್ತಿಲ್ಲೇನೋ ಅನಿಸ್ತು. ಅತ್ತಿ ಕೈ ಹಿಡಕೊಂಡು ನಾನೂ ಓಡಿದೆ."

ನಮ್ಮ ಜಗಳ ಅಲ್ಲಿಗೆ ಮುಗಿಯಿತು. ಯಾರು ಗೆದ್ದರು ಎಂದು ಕೇಳಿದರೆ ಗೊತ್ತಿಲ್ಲ. ಪದದ್ದೇ ತಪ್ಪು ಎಂದು ನಾನು, ಓದಲು ಬಾರದವರದು ತಪ್ಪು ಎಂದು ಅವರು. ಪದವನ್ನು ಸರಿಯಾಗಿ ಓದಿ, ಸರಿಯಾಗಿ ತಿಳಿದುಕೊಂಡು, ಆಮೇಲೂ ಓಡಿದ ಹೆಂಗಸು ನಮ್ಮ ಎದುರಿಗೆ ನಿಂತಿದ್ದಳು.

"ಅತ್ತಿಗೆ ಏನ ಹೇಳ್ಲಿ ಮತ್ತ?" ಎಂದಳು.

"ಕೆರಿ ಒಡದಿರಲಿಲ್ಲ ಅಂತ ಹೇಳ್ರಿ."

"ಅದು ಅವ್ರಿಗೂ ಗೊತ್ತೈತ್ರಿ." ಸೆರಗು ಸರಿಮಾಡಿಕೊಂಡು ಹೊರಟವಳು ಬಾಗಿಲಲ್ಲಿ ನಿಂತಳು. "ಅದು ಹೋಗ್ಲಿ. ನಮ್ಮ ಓಣಿಗೆ ನಳಾ ನಾಳೆ ಬರ್ತಾವೋ ಇಲ್ಲೋ, ಅದನ್ನಾರ ಹೇಳ್ರಿ. ಎಂಟ ದಿನಾತು, ಮುದಿಕಿ ಅರಿವಿ ಒಗ್ಯಾಕ ಹನಿ ನೀರಿಲ್ಲ."

ಸರ್ ಫೋನು ಎತ್ತಿಕೊಂಡರು. ನೀರಿನ ಕಚೇರಿ ಎಂಗೇಜು. ಮತ್ತೆ ತಿರುಗಿಸಿದರು. ಮತ್ತೆ ಎಂಗೇಜು. ಶಾಂತವ್ವ ಬಾಗಿಲಲ್ಲೇ ನಿಂತಿದ್ದಳು. ಕೊನೆಗೆ ಯಾರೋ ಎತ್ತಿದರು.

"ನಾಳೆ ಮುಂಜಾನಿ ಬಿಡ್ತಾರಂತ" ಎಂದರು ಸರ್.

"ಖರೇನ್ರಿ?"

ಹೌದು ಎನ್ನಲು ಬಾಯಿ ತೆರೆದವರು ತಡೆದರು. "ಅವ್ರ ಹಂಗಂತಾರವಾ. ನಾಳೆ ಬಂದ್ರೂ, ಬರದಿದ್ರೂ, ನಮಗೊಂದ ಫೋನ ಮಾಡ್ರಿ."

ಶಾಂತವ್ವ ಮೊದಲ ಸಲ ನಕ್ಕಳು. "ಟಿವಿಯವ್ರಿಗೆ ನಾ ಸುದ್ದಿ ಹೇಳ್ಬೇಕೇನ್ರಿ?"

"ಮತ್ಯಾರ ಹೇಳ್ಬೇಕು?" ಎಂದರು ಸರ್.

ಮರುದಿನ ಅವಳ ಫೋನು ಬಂತು. ನಳ ಬಂದಿರಲಿಲ್ಲ. ಸರ್ ಬಹಳ ಹೊತ್ತು ಕಾಗದದ ಮುಂದೆ ಕೂತರು. ಬರೆದರು, ಹೊಡೆದು ಹಾಕಿದರು, ಮತ್ತೆ ಬರೆದರು. ಕಡೆಗೆ ನನ್ನ ಕೈಗೆ ಕೊಟ್ಟು, ದಸ್ತಗೀರನನ್ನು ಕರೆದು ಕೂರಿಸಿ ಅವನಿಗೆ ಓದಿ ಹೇಳಿ ಎಂದರು. ಕೆರೆಯ ಕೆಳಗಿನ ಓಣಿಗೆ ಇಂದು ಬೆಳಿಗ್ಗೆ ನಳದ ನೀರು ಬಂದಿಲ್ಲ ಎಂದು ಓದಿದೆ.

"ಏನ ತಿಳೀತು ಹೇಳಪಾ?"

"ನಳಾ ಬಂದಿಲ್ಲ ಅಂತ ತಿಳೀತ್ರಿ."

"ಮತ್ತೇನಾರ ತಿಳೀತೇನು? ಅಂಜಿಕಿ ಬಂತೇನು?"

ದಸ್ತಗೀರ್ ಪಾಪ, ನಿಜಕ್ಕೂ ಯೋಚನೆ ಮಾಡಿದ. "ಇಲ್ರಿ ಸರ್. ಅಷ್ಟ."

"ಹಂಗಾದ್ರ ಓಡಸ್ರಿ."

ಸಾಲು ಓಡಿತು. ಪರದೆಯ ಈ ಕಡೆಯಿಂದ ಆ ಕಡೆಗೆ ಅದು ಎಷ್ಟು ಸಲ ಹೋಯಿತೋ, ಫೋನು ಬಡಿದುಕೊಂಡಿತು. ಎತ್ತಿದೆ. ಗಂಡಸಿನ ದನಿ, ಸಿಟ್ಟಿನಲ್ಲಿದ್ದ.

"ಅಲ್ರೀ, ಏನ ಸುದ್ದಿ ಹಾಕ್ತೀರಿ? ನಾವೂ ಕೆರಿ ಕೆಳಗಿನವ್ರ. ನಮ್ಮಲ್ಲೆ ನಳಾ ಬಂದು ತಾಸಾತು, ಹೆಣಮಕ್ಕಳು ತುಂಬಾಕತ್ತಾರ!"

ರಿಸೀವರನ್ನು ಸರ್ ಕಡೆ ಚಾಚಿದೆ. ಅವರು ತೆಗೆದುಕೊಂಡು ಕಿವಿಗೆ ಒತ್ತಿ ಹಿಡಿದರು, ಇನ್ನೊಂದು ಕೈಯಲ್ಲಿ ಪೆನ್ನಿನ ಮುಚ್ಚಳ ತೆಗೆದರು.

"ಯಾವ ಓಣಿ ಅಂದ್ರಿ?"